ಮುಯ್ಯಿಗೆ ಕರೆಯದ ಮನೆ

"ಗುರುಗಳೇ, ಕೈಕಾಲು ಊನವಾದವರು, ಕಣ್ಣು ಕಾಣದವರು ನಮ್ಮ ಸೀಮೆಯಲ್ಲಿ ಎಷ್ಟೋ ಮಂದಿ ಇದ್ದಾರೆ. ದುಡಿಯುವ ವಯಸ್ಸಿನವರೇ. ಆದರೂ ಅವರಲ್ಲಿ ಕೆಲಸ ಇರುವವರನ್ನು ಬೆರಳಲ್ಲಿ ಎಣಿಸಬಹುದು. ಮಿಕ್ಕವರೆಲ್ಲ ಜಗಲಿಯ ಮೇಲೆ ಕೂತಿರುತ್ತಾರೆ. ಯಾಕೆ ಹೀಗೆ? ಊರವರಿಗೆ ಕರುಣೆ ಇಲ್ಲವೇ?"

ಕೇಳಿದವನು ಮರುಳಯ್ಯ. ಮಠದ ದಾಸೋಹದ ಅಡುಗೆಮನೆ ಅವನ ಉಸ್ತುವಾರಿಯಲ್ಲಿತ್ತು. ಅಂಥ ಜನರಿಗೆಲ್ಲ ದಿನವೂ ಎರಡು ಹೊತ್ತು ಊಟ ಕಳಿಸಬೇಕೆಂದು ಅವನು ಆಗಲೇ ಮನಸ್ಸು ಮಾಡಿದ್ದ. ಮೆತ್ತನೆಯ ಮನಸ್ಸಿನ ಹುಡುಗ ಎಂದು ಗುರುಗಳಿಗೆ ಅವನ ಮೇಲೆ ಬಲು ಅಕ್ಕರೆ.

"ಕರುಣೆ ಇಲ್ಲ ಎಂದೆಯಾ? ಕರುಣೆಗೆ ಬರವೇ ಇಲ್ಲದ ಊರೊಂದಿತ್ತಪ್ಪ. ಅದರ ಕತೆ ಹೇಳುತ್ತೇನೆ, ಕೂತುಕೋ" ಎಂದರು ಗುರುಗಳು.

ಆ ಊರಿನಲ್ಲಿ ಒಬ್ಬ ರೈತ. ಗಟ್ಟಿ ಆಳು, ಮಾತಿನ ಮಲ್ಲ. ಅವನಿದ್ದ ಹೊಲದಲ್ಲಿ ನಗುವಿಗೆ ಕೊರತೆಯಿರಲಿಲ್ಲ. ಊರಿನಲ್ಲಿ ಮುಯ್ಯಾಳಿನ ಪದ್ಧತಿ. ಇಂದು ನಾನು ನಿನ್ನ ಹೊಲದಲ್ಲಿ ದುಡಿದರೆ ನಾಳೆ ನೀನು ನನ್ನ ಹೊಲಕ್ಕೆ ಬರಬೇಕು. ಕೂಲಿಯ ಮಾತಿಲ್ಲ. ಯಾರ ಹೊಲದಲ್ಲಿ ಕೆಲಸವೋ ಅವರು ಹಿಂದಿನ ಸಂಜೆ ಮನೆಮನೆಯ ಹೊಸ್ತಿಲಲ್ಲಿ ನಿಂತು, "ನಾಳೆ ನಮ್ಮ ಹೊಲಕ್ಕೆ ಒಂದಾಳು" ಎಂದು ಕೂಗುವರು. ಕೂಗಿಸಿಕೊಂಡ ಮನೆ ಊರಿನ ಲೆಕ್ಕದಲ್ಲಿದೆ ಎಂದು ಅರ್ಥ.

ಒಂದು ವರ್ಷ ಗಾಡಿಯ ಗಾಲಿ ಹರಿದು ರೈತನ ಒಂದು ಕಾಲು ಹೋಯಿತು. ಅಯ್ಯೋ, ಊರೇ ಮರುಗಿತು! ಅವನ ಹೊಲ ಉತ್ತರು, ಬಿತ್ತಿದರು, ಕಳೆ ತೆಗೆದರು. ಹಾಲು ತಂದವರೆಷ್ಟು, ಹಣ್ಣು ತಂದವರೆಷ್ಟು. "ನೀನು ಆರಾಮಾಗಿರು ಮಾರಾಯ" ಎಂದು ಬೆನ್ನು ಸವರಿದರು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತೇವಲ್ಲ, ಇವನ ಬಾಯಿಗೆ ಮೊಸರು ಬಂತು, ಕೈ ಕೆಸರಾಗಲು ಮಾತ್ರ ಯಾರೂ ಬಿಡಲಿಲ್ಲ.

ಗಾಯ ಮಾಯಿತು. ಊರುಗೋಲು ಹಿಡಿದು ಓಡಾಡುವುದು ರೂಢಿಯಾಯಿತು. ಕಡಲೆಕಾಯಿ ಕೀಳುವ ಕಾಲ ಬಂತು. ಸಂಜೆಯಾದರೆ ಬೀದಿಯಲ್ಲಿ ಕೂಗು ಕೇಳುವುದು. ರೈತ ಕಿವಿ ನೆಟ್ಟಗೆ ಮಾಡಿ ಕೂರುವನು. ಕೂಗು ಪಕ್ಕದ ಮನೆಗೆ ಬರುವುದು. ಇವನ ಹೊಸ್ತಿಲು ಬಂದಾಗ ನಿಲ್ಲುವುದು. ಆಚೆಯ ಮನೆಯಲ್ಲಿ ಮತ್ತೆ ಕೇಳುವುದು. ಇವನಿಗೆ ತೊಂದರೆ ಕೊಡಬಾರದೆಂದು ಆ ಪುಣ್ಯಾತ್ಮರು ಅವನ ಮನೆಯ ಮುಂದೆ ಮೆಲ್ಲಗೆ ಹೆಜ್ಜೆ ಇಡುತ್ತಿದ್ದರು!

ರೈತ ಸಿಡುಕನಾದ. ಸಾರಿಗೆ ಉಪ್ಪು ಕಡಿಮೆ ಎಂದು ಹೆಂಡತಿಯ ಮೇಲೆ ಹರಿಹಾಯ್ದ. ಅವಳು ಉಪ್ಪಿನ ಮರಿಗೆಯನ್ನೇ ತಂದು ಮುಂದಿಟ್ಟಳು. ಅವನಿಗೆ ಅಳು ಬಂತು. ಸಂಗತಿ ಉಪ್ಪಿನದಲ್ಲ ಎಂದು ಅವಳಿಗೂ ಗೊತ್ತಿತ್ತು.

ಕಡೆಗೆ ಅವನ ಹೊಲದ ಸರದಿ ಬಂತು. ಕರೆಯದಿದ್ದರೂ ಊರೆಲ್ಲ ಬಂದು ನಿಂತಿತು. ರೈತ ಬದುವಿನ ಮೇಲೆ ಊರುಗೋಲು ಅಡ್ಡ ಹಿಡಿದ.

"ಯಾರೂ ಇಳಿಯಬೇಡಿ. ಬೆಳೆ ಮಣ್ಣಲ್ಲೇ ಕೊಳೆಯಲಿ."

ನೆರೆಮನೆಯ ಹಿರಿಯ ಬೆಚ್ಚಿದ. "ಯಾಕಪ್ಪಾ ಈ ಕೋಪ? ನಿನ್ನಿಂದ ಮುಯ್ಯಿ ಕೇಳುವಷ್ಟು ಕಲ್ಲುಮನಸ್ಸಿನವರೇ ನಾವು?"

"ಕೇಳಿ ಅಣ್ಣಾ, ದಮ್ಮಯ್ಯ, ಮುಯ್ಯಿ ಕೇಳಿ! ಗಿಡ ಕೀಳಲು ನನ್ನಿಂದ ಆಗದು, ಒಪ್ಪಿದೆ. ಕಿತ್ತ ಗಿಡದಿಂದ ಕಾಯಿ ಬಿಡಿಸುತ್ತೀರಲ್ಲ, ಅದನ್ನು ನಿಂತು ಮಾಡುತ್ತೀರೋ, ಕೂತು ಮಾಡುತ್ತೀರೋ?"

ಜನ ಒಬ್ಬರ ಮುಖ ಒಬ್ಬರು ನೋಡಿದರು. ಹುಟ್ಟಿದಾಗಿನಿಂದ ಅವರು ಕಾಯಿ ಬಿಡಿಸುತ್ತಿದ್ದದ್ದು ಕೂತೇ. ಒಬ್ಬ ಮುದುಕಿ ಕಿಸಕ್ಕನೆ ನಕ್ಕಳು. "ನಮ್ಮ ಬುದ್ಧಿಗಿಷ್ಟು ಮಣ್ಣು ಹಾಕ" ಎಂದು ಹಣೆ ಬಡಿದುಕೊಂಡಳು. ಆಮೇಲೆ ಎಲ್ಲರೂ ನಕ್ಕರು. ಹಿರಿಯನ ಕಣ್ಣಲ್ಲಿ ಮಾತ್ರ ನೀರಿತ್ತು. ರೈತ ಊರುಗೋಲು ತೆಗೆದು ದಾರಿ ಬಿಟ್ಟ.

ಅಂದು ಸಂಜೆ ಹಿರಿಯ ತಾನೇ ಬಂದು ಆ ಹೊಸ್ತಿಲಲ್ಲಿ ನಿಂತು ಗಂಟಲು ಬಿಚ್ಚಿ ಕೂಗಿದ. "ನಾಳೆ ನಮ್ಮ ಹೊಲಕ್ಕೆ ಒಂದಾಳು!"

ರೈತ ಒಳಗಿದ್ದ ಹೆಂಡತಿಗೆ ಹೇಳಿದ, ಬೀದಿಗೆಲ್ಲ ಕೇಳುವ ಹಾಗೆ: "ನಾಳೆ ನನಗೆ ಪುರುಸೊತ್ತಿಲ್ಲ ಕಣೇ, ಹೊಲಕ್ಕೆ ಕರೆದಿದ್ದಾರೆ!"

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ಕಣ್ಣೊರೆಸಿಕೊಂಡು ನಕ್ಕ. "ಒಳ್ಳೆಯವರೇ, ಆದರೆ ಎಂಥ ಪೆದ್ದು ಜನ ಗುರುಗಳೇ! ಕಣ್ಣೆದುರಿಗೆ ಇದ್ದದ್ದು ಕಾಣಲಿಲ್ಲವಲ್ಲ."

ಗುರುಗಳು ಅವನ ತಲೆ ನೇವರಿಸಿದರು.

"ನಮ್ಮ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವವರೂ ಕೂತೇ ಹೆಚ್ಚುತ್ತಾರಲ್ಲ ಮಗು, ಆ ಜಗಲಿಯ ಮೇಲಿನವರಲ್ಲಿ ಯಾರನ್ನು ಕರೆದಿದ್ದೀಯೆ?"