ಬೇಲಿ ಮೇದ ಕೆಂದಾಡು

ಹಟ್ಟಿ ಕಾಯುವ ಜುಂಜಪ್ಪಸ್ವಾಮಿಗೆ ಮೊದಲು ಕೈ ಮುಗಿ, ಮಗಾ. ಹ್ಞೂಂ, ಈಗ ಕಣ್ಣು ಮುಚ್ಚಿಕೊಂಡು ಕೇಳು.

ಒಂದಾನೊಂದು ಕಾಲ ಅಂತಾರಲ್ಲ, ಆ ಕಾಲದಲ್ಲಿ ಒಂದು ಗೊಲ್ಲರ ಹಟ್ಟಿ ಇತ್ತಂತೆ. ಹಟ್ಟಿ ಸುತ್ತ ಕರಿಜಾಲಿ ಮುಳ್ಳಿನ ಬೇಲಿ. ಅದು ಸ್ವಾಮಿ ಎಳೆದ ಗೆರೆ, ಅದರ ಒಂದು ಕಡ್ಡಿ ಮುರಿಯೋ ಹಾಗಿಲ್ಲವಂತೆ. ಅಲ್ಲಿ ಈರಜ್ಜಿಗೆ ಮೂರು ಜನ ಸೊಸೆಯರು. ಕಿರಿಯವಳು ಬಾಲಮ್ಮ, ತವರಿಂದ ಒಂದು ಕೆಂದಾಡು, ಕೆಂಪು ಬಣ್ಣದ ಆಡು, ಹೊಡಕೊಂಡು ಬಂದಿದ್ದಳಂತೆ. ಅದೀಗ ತುಂಬಿದ ಗಬ್ಬ.

ಆ ವರ್ಷ ಮಳೆ ಹುಯ್ದು ಕೆರೆಯಂಗಳದಲ್ಲಿ ಹುಲ್ಲು ಎದ್ದಿತಂತೆ. ಸ್ವಾಮಿ ಕೊಟ್ಟ ಎಳೇ ಹುಲ್ಲು ಅಂತ ಆಡುಗಳನ್ನೆಲ್ಲ ಆ ಹಸೀ ನೆಲದಲ್ಲೇ ಮೇಯಿಸಿದರಂತೆ. ಆಮೇಲೆ ನೋಡಿದರೆ ಆಡುಗಳ ದವಡೆ ಕೆಳಗೆ ನೀರು ತುಂಬಿ ಚೀಲದ ಹಾಗೆ ಜೋತುಬಿತ್ತಂತೆ. ಈರಜ್ಜಿ, ಸ್ವಾಮಿ ಗಂಟೆ ಕಟ್ಟವ್ನೆ ಅಂತ ಅದಕ್ಕೆ ಅರಿಶಿನ ಹಚ್ಚಿದಳಂತೆ. ಗಂಟೆ ಕಟ್ಟಿಸಿಕೊಂಡವು ಒಂದೊಂದೇ ಮಲಗಿದವು, ಏಳಲಿಲ್ಲವಂತೆ.

ಹಿರೀಸೊಸೆ ಇನ್ನೂ ಎಳೇ ಹುಲ್ಲು ಕೊಯ್ದು ತಿನ್ನಿಸಿದಳು, ಉಳೀಲಿಲ್ಲ. ನಡುವಿನವಳು ಮಜ್ಜಿಗೆ ಕುಡಿಸಿದಳು, ಉಳೀಲಿಲ್ಲ. ಆಮೇಲೆ ಕೆಂದಾಡಿಗೂ ಗಂಟೆ ಬಂತಂತೆ. ಬಾಲಮ್ಮ ಅದರ ರೆಪ್ಪೆ ಬಿಡಿಸಿದರೆ ಒಳಗೆ ರಕ್ತವೇ ಇಲ್ಲ, ಸುಣ್ಣದ ಬಿಳುಪು. ಸ್ವಾಮೀ, ನೀನೇ ದಾರಿ ತೋರಿಸು ಅಂತ ಅತ್ತಳಂತೆ.

ಅವತ್ತೇ ಬೇಲಿ ಹೊಸದು ಮಾಡೋಕೆ ಜಾಲಿಕೊಂಬೆ ಕಡಿದು ತಂದು ಹಾಕಿದ್ದರಂತೆ. ಕೆಂದಾಡು ತೂರಾಡಿಕೊಂಡು ಹೋಗಿ ಅದರ ಸೊಪ್ಪಿಗೆ ಬಾಯಿ ಹಾಕಿತಂತೆ. ತವರಾಡು ನೋಡ್ರೇ, ಬೇಲಿ ಮೇಯ್ತದೆ ಅಂತ ಓರಗಿತ್ತಿಯರು ನಕ್ಕರಂತೆ. ಈರಜ್ಜಿ ಕೋಲು ಎತ್ತಿದಳಂತೆ. ಬಾಲಮ್ಮ ಒಂದು ಎಲೆ ಅಗಿದು ನೋಡಿದಳು, ನಾಲಿಗೆ ಮಡಚಿಕೊಳ್ಳೋ ಅಂಥ ಒಗರು, ಮದ್ದಿನ ಕಷಾಯದ ಹಾಗೆ. ಆಡಿಗೆ ಅಡ್ಡ ನಿಂತು ಅಂದಳಂತೆ:

“ಅತ್ತೆ, ಸ್ವಾಮಿ ಬೇಲಿ ಹಾಕಿಸಿದ್ದು ಆಡು ಕಾಯೋಕೆ ತಾನೆ? ಹೊರಗೆ ನಿಂತೂ ಕಾಯ್ಲಿ, ಹೊಟ್ಟೆ ಒಳಕ್ಕೆ ಹೋಗಿಯೂ ಕಾಯ್ಲಿ.”

ಈರಜ್ಜಿಯ ಕೋಲು ಹಾಗೇ ಕೆಳಗಿಳೀತಂತೆ.

ಆಮೇಲೆ ದಿನಾ ಜಾಲಿಸೊಪ್ಪು, ಎತ್ತರಕ್ಕೆ ಕಟ್ಟಿ, ಹಸೀ ನೆಲಕ್ಕೆ ಬಾಯಿ ಹಾಕದೆ ಕತ್ತೆತ್ತಿ ಮೇಯೋ ಹಾಗೆ. ಮೊದಲು ಹಿಕ್ಕೆ ಜತೆ, ಹಸೀ ಹುಲ್ಲಿಂದ ಹೊಟ್ಟೆ ಸೇರಿ ರಕ್ತ ಹೀರುತ್ತಿದ್ದ ನೂಲಿನಂಥ ಹುಳ ಬಿದ್ದವಂತೆ, ಆಮೇಲೆ ಗಂಟೆ ಇಳೀತಂತೆ, ಆಮೇಲೆ ರೆಪ್ಪೆ ಒಳಗೆ ದಾಸವಾಳದ ಕೆಂಪು ಬಂತಂತೆ. ಅಯ್ಯೋ, ನಾನು ಹುಳಕ್ಕೆ ಅರಿಶಿನ ಹಚ್ಚಿದ್ನಲ್ಲೇ ಅಂತ ಈರಜ್ಜಿ ಹೊಟ್ಟೆ ಹಿಡಕೊಂಡು ನಕ್ಕಳಂತೆ. ಓರಗಿತ್ತಿಯರೂ ಸೊಪ್ಪು ಹೊತ್ತರು, ಉಳಿದ ಆಡುಗಳೆಲ್ಲ ಎದ್ದು ಕುಣಿದವಂತೆ. ಕೆಂದಾಡು ಮೂರು ಮರಿ ಹಾಕಿತಂತೆ, ಮೂರೂ ಕೆಂಪು.

ಇಂದಿಗೂ ಆ ಹಟ್ಟಿಯಲ್ಲಿ ಬೇಲಿಗೆ ತಂದ ಮೊದಲ ಕೊಂಬೆ ಆಡಿಗೇ ಅಂತೆ.

ಆಡು ಹಟ್ಟಿ ಸೇರಿತು, ಕತೆ ಮುಗೀತು. ಕೇಳಿದ ನಿನಗೂ, ಕೇಳಿದವರೆಲ್ಲರಿಗೂ ಸ್ವಾಮಿ ಹೊರಗೂ ಒಳಗೂ ಬೇಲಿಯಾಗಿರಲಿ, ಮಗಾ.