ಬಡಿದರೆ ಸಾರಿ

ಕೇಳ್ರಪ್ಪ, ಕುಂಬಾರಗೇರಿಯ ಪುಟ್ಟನರಸಮ್ಮನಿಗೆ ಒಬ್ಬನೇ ಮಗ, ಬೋರಲಿಂಗ ಅಂತ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ದಾರಿ ತಪ್ಪಿ ಬೇರೆ ಯಾರ ಮನೆಗೋ ಹೋಗಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡೋ ಆಸಾಮಿ. ಇಂಥವನಿಗೆ ಯಾರು ಹೆಣ್ಣು ಕೊಡ್ತಾರೆ? ಅವ್ವ ಅದೇ ಕೊರಗಲ್ಲಿ ಸೊರಗಿಹೋಗಿದ್ದಳು. ಕೊನೆಗೂ ಆಚೆ ಊರಿನ ಕುಂಬಾರ ದ್ಯಾವಣ್ಣ, ಪಾಪ, ಏನೂ ಗೊತ್ತಿಲ್ಲದೆ, 'ಬಂದು ಹೆಣ್ಣು ನೋಡಿ' ಅಂತ ಹೇಳಿಕಳಿಸಿದ.

ಅಷ್ಟರಲ್ಲಿ ಮಗನಿಗೆ ಒಂದಿಷ್ಟು ಮರ್ಯಾದೆ ಕಲಿಸೋಣ ಅಂತ ಅವ್ವ ಪೇಟೆಗೆ ಕರ್ಕೊಂಡು ಹೊರಟಳು. ಬಸ್ಸಲ್ಲಿ ಬೋರಲಿಂಗ ಒಬ್ಬರ ಕಾಲು ತುಳಿದ. ತುಳಿದವನು ತುಳಿದ ಹಾಗೇ ನಿಂತ. ಆ ಯಪ್ಪ ಬಾಯಿಗೆ ಬಂದ ಹಾಗೆ ಬೈದ.

"ಲೋ ಮಂಕೇ, ಏನಾದ್ರೂ ತಗುಲಿದ್ರೆ ಸಾರಿ ಅನ್ಬೇಕು ಕಣೋ. ಇಂಗ್ಲಿಷು. ಅಷ್ಟಂದ್ರೆ ಎಲ್ಲಾ ಮುಗೀತು" ಅಂದಳು ಅವ್ವ.

"ಆಯ್ತವ್ವ."

ಮಾರನೇ ದಿನ ಸಂತೆಯಲ್ಲಿ ಮಡಕೆ ಮಾರಕ್ಕೆ ಕೂರಿಸಿದಳು. ಮಡಕೆ ಕೊಳ್ಳುವವರು ಬೆರಳು ಮಡಿಚಿ ಬಡಿದು ನೋಡ್ತಾರಲ್ಲ, ಒಬ್ಬಳು ಬಂದು ಬಡಿದಳು. ಟಣ್.

"ಸಾರಿ" ಅಂದ ಬೋರಲಿಂಗ.

ಇನ್ನೊಂದಕ್ಕೆ ಬಡಿದಳು. ಟಣ್.

"ಸಾರಿ."

"ಯಾಕಪ್ಪ, ಬಿರುಕು ಬಿಟ್ಟಿದೆಯಾ?" ಅಂತ ಎದ್ದು ಪಕ್ಕದವನ ಹತ್ರ ಹೋದಳು. ಸಂಜೆವರೆಗೂ ಇದೇ ಕತೆ. ಒಂದು ಮಡಕೆಯೂ ಹೋಗಲಿಲ್ಲ.

"ಹಾಳಾದವನೇ, ಬಡಿದಾಗ ಸಾರಿ ಅಂದ್ರೆ ಒಡಕು ಅಂದ್ಕೋತಾರೆ! ಟಣ್ ಅಂದ ಕೂಡಲೇ, ಗಟ್ಟಿ ಇದೆ, ಬೇಕಾದ್ರೆ ಇನ್ನೊಂದ್ಸಲ ಬಡಿದು ನೋಡಿ, ಅನ್ಬೇಕು."

"ಆಯ್ತವ್ವ."

ಹೆಣ್ಣು ನೋಡೋ ದಿನ ಬಂತು. ದ್ಯಾವಣ್ಣನ ಮನೇಲಿ ತಾಂಬೂಲದ ತಟ್ಟೆ ರೆಡಿ ಇತ್ತು. ಮಗಳು ಕೆಂಪಿ ಉಪ್ಪಿಟ್ಟು ಹಿಡ್ಕೊಂಡು ತಲೆ ತಗ್ಗಿಸಿ ಬರಬೇಕಿತ್ತು, ಹುಡುಗ ಹೆಂಗಿದಾನೆ ಅಂತ ತಲೆ ಎತ್ತಿಬಿಟ್ಟಳು. ಬಾಗಿಲ ಚೌಕಟ್ಟು ಹಣೆಗೆ ಬಡೀತು. ಟಣ್.

"ಗಟ್ಟಿ ಇದೆ" ಅಂದ ಬೋರಲಿಂಗ. "ಬೇಕಾದ್ರೆ ಇನ್ನೊಂದ್ಸಲ ಬಡಿದು ನೋಡಿ."

ಅವ್ವ ಅವನ ತೊಡೆ ಚಿವುಟಿ ಪಿಸುಗುಟ್ಟಿದಳು. "ಸಾರಿ ಅನ್ನೋ, ನಿನ್ನ ದಮ್ಮಯ್ಯ. ತಲೆಗೆ ಬಡಿದ್ರೆ ಸಾರಿ ಅನ್ಬೇಕು."

ಅಷ್ಟೊತ್ತಿಗೆ ಕೆಂಪಿ ಉಪ್ಪಿಟ್ಟು ಕೆಳಗಿಟ್ಟು ಸೀದಾ ಬಂದು, ಬೆರಳು ಮಡಿಚಿ, ಅವನ ತಲೆಗೇ ಒಂದು ಮೊಟಕಿದಳು. ಟಕ್. ಕುಂಬಾರರ ಮನೆ ಅಲ್ವಾ, ಎಲ್ಲರೂ ಕಿವಿಗೊಟ್ಟರು.

ಬೋರಲಿಂಗ ಅವ್ವನ ಮುಖ ನೋಡಿದ. ಎದ್ದು ನಿಂತು ಕೈಮುಗಿದ.

"ಸಾರಿ" ಅಂದ.

"ಗೊತ್ತಾಯ್ತು ಬಿಡಪ್ಪ" ಅಂದ ದ್ಯಾವಣ್ಣ, ತಾಂಬೂಲದ ತಟ್ಟೆ ಎತ್ತಿ ಒಳಗಿಟ್ಟ.