ಎರಡನೇ ಏಟು

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ. ಇದು ಬಿದಿರೂರು ಸೀಮೆಯಲ್ಲಿ ನಡೆದ ಕಥೆ.

ಆ ಸೀಮೆಗೆ ಒಬ್ಬ ದೊರೆ ಇದ್ದ. ದೊರೆಯ ಕೈಕೆಳಗೆ ಎರಡು ಕೋಟೆ ಇದ್ದವು. ಒಂದು ಕಲ್ಲಬಾವಿ, ಇನ್ನೊಂದು ನವಿಲುಗುಡ್ಡ. ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಹೆಣ್ಣು ಕೊಡುತ್ತಿರಲಿಲ್ಲ, ಹೆಣ್ಣು ತರುತ್ತಿರಲಿಲ್ಲ. ದಾರಿಯಲ್ಲಿ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಚೆಂಡಾಟಕ್ಕೆ ಮಾತ್ರ ಎದುರುಬದುರು ನಿಲ್ಲುತ್ತಿದ್ದರು.

ಆ ಆಟ ಹೇಗೆ ಅಂತೀರಾ? ತೊಗಲಿನ ಚೆಂಡು, ಒಳಗೆ ತೆಂಗಿನ ನಾರು. ಅದನ್ನು ಎದೆಗೆ ಅವುಚಿಕೊಂಡು ಎದುರಾಳಿಗಳ ನಡುವೆ ನುಗ್ಗಬೇಕು. ಅವರ ಬೆನ್ನ ಹಿಂದಿನ ಸುಣ್ಣದ ಗೆರೆ ದಾಟಿಸಬೇಕು. ಮೊದಲು ದಾಟಿಸಿದವರಿಗೆ ಗೆಲುವು. ಎದುರಾಳಿಗಳು ಹಿಡಿದು ಕೆಡವಬಹುದು. ಆದರೆ ಚೆಂಡು ಹಿಡಿದವನನ್ನು ಮಾತ್ರ ಕೆಡವಬೇಕು. ಯಾರನ್ನೂ ಹೊಡೆಯಬಾರದು, ನೆಲಕ್ಕೆ ಬಿದ್ದವನನ್ನು ನೋಯಿಸಬಾರದು. ತಪ್ಪಿದರೆ ತೀರ್ಪುಗಾರ ಸೊಂಟದಿಂದ ಹಳದಿ ಬಟ್ಟೆ ಎಳೆದು ಬಿಸಾಡುತ್ತಿದ್ದ. ಬಟ್ಟೆ ಬಿತ್ತು ಅಂದರೆ ತಪ್ಪು ಮಾಡಿದವರು ಒಂದು ಹಗ್ಗದಳತೆ ನೆಲ ಬಿಟ್ಟುಕೊಡಬೇಕು. ಅದೇ ದಂಡ.

ಆಟಗಾರರನ್ನು ಅರಮನೆಯೇ ಸಾಕುತ್ತಿತ್ತು. ಆಟವೇ ಅವರ ಕಸುಬು, ಆಟವೇ ಅವರ ಅನ್ನ. ವರ್ಷಕ್ಕೆ ಮೂರು ಪಂದ್ಯ. ಗೆದ್ದ ಕೋಟೆಯ ಬಾವುಟ ಮುಂದಿನ ವರ್ಷದವರೆಗೆ ಅರಮನೆ ಬಾಗಿಲ ಮೇಲೆ ಹಾರುತ್ತಿತ್ತು.

ನವಿಲುಗುಡ್ಡದಲ್ಲಿ ಕಾಟಯ್ಯ ಅಂತ ಒಬ್ಬ ಇದ್ದ. ಅವನಂಥ ಓಟಗಾರ ಆ ಸೀಮೆಯಲ್ಲೇ ಇರಲಿಲ್ಲ. ಅವನ ತಮ್ಮ ಬೋರಯ್ಯ. ಅವನೂ ಓಡುತ್ತಿದ್ದ, ಆದರೆ ಮೂಗಿನ ತುದಿಯಲ್ಲಿ ಕೋಪ. ಕಲ್ಲಬಾವಿಯ ತಂಡಕ್ಕೆ ಭರಮಣ್ಣ ನಾಯಕ. ಬಾಗಿಲಿನಷ್ಟು ಅಗಲ ಅವನ ಎದೆ. ಗೆಲ್ಲೋದಕ್ಕೆ ಎದೆ ಸಾಲದು ಅಂತ ಅವನು ಮೋಸವನ್ನೂ ಇಟ್ಟುಕೊಂಡಿದ್ದ.

ಆ ವರ್ಷದ ಮೊದಲ ಪಂದ್ಯ. ಕಾಟಯ್ಯ ಚೆಂಡು ಹಿಡಿದು ಓಡಿದ, ಕೆಡವಿದರು, ಮೇಲೆ ಹತ್ತಾರು ಮಂದಿ ಬಿದ್ದರು. ಆ ರಾಶಿಯ ಅಡಿಯಲ್ಲಿ ಭರಮಣ್ಣನ ಕಡೆಯವನೊಬ್ಬ ಕಾಟಯ್ಯನ ಬೆರಳು ಹಿಡಿದು ತಿರುಚಿದ. ಯಾರಿಗೂ ಕಾಣಲಿಲ್ಲ. ಕಂಡಿದ್ದು ಬೋರಯ್ಯನಿಗೆ ಮಾತ್ರ. ಅವನು ಓಡಿಬಂದು, ತಿರುಚಿದವನು ಎದ್ದು ನಿಂತ ಕೂಡಲೇ ಒದ್ದ. ಅದು ಎಲ್ಲರಿಗೂ ಕಂಡಿತು. ಹಳದಿ ಬಟ್ಟೆ ಬೋರಯ್ಯನ ಕಾಲ ಬಳಿ ಬಿತ್ತು. ನವಿಲುಗುಡ್ಡ ನೆಲ ಕಳೆದುಕೊಂಡಿತು, ಪಂದ್ಯವನ್ನೂ ಕಳೆದುಕೊಂಡಿತು.

ಎರಡನೇ ಪಂದ್ಯದಲ್ಲಿ ಕಲ್ಲಬಾವಿಯವರು ಕಾಟಯ್ಯನ ಕಣ್ಣಿಗೆ ಮಣ್ಣು ಎರಚಿದರು. ಬೋರಯ್ಯ ಎರಚಿದವನ ಕಪಾಳಕ್ಕೆ ಬಾರಿಸಿದ. ಮತ್ತೆ ಬಟ್ಟೆ, ಮತ್ತೆ ದಂಡ. ಆಟ ಮುಂದುವರಿಯಿತು. ಆದರೂ ನವಿಲುಗುಡ್ಡದವರೇ ಮುಂದಿದ್ದರು, ಕಾಟಯ್ಯನ ಕಾಲು ಹಾಗಿತ್ತು. ಆಗ ಭರಮಣ್ಣ ತನ್ನವರಿಗೆ ಕಣ್ಣಲ್ಲೇ ಏನೋ ಹೇಳಿದ. ಕಾಟಯ್ಯ ಬಿದ್ದಿದ್ದಾಗ ಒಬ್ಬ ಜಿಗಿದು ಅವನ ಮಂಡಿಯ ಮೇಲೆ ಹಿಮ್ಮಡಿ ಊರಿದ. ಒಣಸೌದೆ ಮುರಿದ ಹಾಗೆ ಸದ್ದು ಬಂತು ಅಂತ ಹತ್ತಿರವಿದ್ದವರು ಹೇಳಿದರು. ಬೋರಯ್ಯ ಹುಚ್ಚನ ಹಾಗೆ ನುಗ್ಗಿ ಅವನ ಹಲ್ಲು ಉದುರಿಸಿದ. ಹಳದಿ ಬಟ್ಟೆ ಮತ್ತೆ ಬೋರಯ್ಯನ ಮೇಲೇ ಬಿತ್ತು.

ಅಷ್ಟಾಗಿದ್ದೇ ತಡ, ಎರಡೂ ಕೋಟೆಯ ಜನ ಮೈದಾನಕ್ಕೆ ಇಳಿದರು. ದೊಣ್ಣೆಗಳು ಎದ್ದವು. ದೊರೆಯ ಕುದುರೆಯವರು ನಡುವೆ ಬಂದು ನಿಂತರು, ಪಂದ್ಯ ಅಲ್ಲಿಗೇ ನಿಂತಿತು.

ದೊರೆ ತೀರ್ಪುಗಾರ ಪಂಪಣ್ಣನವರನ್ನು ಕರೆಸಿದ. ಪಂಪಣ್ಣ ಹಳೆಯ ಆಟಗಾರರು, ಯಾರ ಹಂಗಿಗೂ ಬೀಳುವವರಲ್ಲ. ಮಂಡಿ ಮುರಿದವನನ್ನು ಬಿಟ್ಟು ಹಲ್ಲು ಉದುರಿಸಿದವನಿಗೆ ದಂಡ ಹಾಕಿದ್ದು ಯಾವ ನ್ಯಾಯ ಅಂತ ದೊರೆ ಕೇಳಿದ.

ಪಂಪಣ್ಣ ತಲೆ ತಗ್ಗಿಸಿದರು. "ಬುದ್ಧಿ, ಕಂಡಿದ್ದಕ್ಕೆ ಮಾತ್ರ ನಾನು ಬಟ್ಟೆ ಬಿಸಾಡಬಲ್ಲೆ. ಮೊದಲನೇ ಏಟು ಗುಂಪಿನೊಳಗೆ ಬೀಳುತ್ತೆ. ನಾನು ತಿರುಗಿ ನೋಡೋ ಹೊತ್ತಿಗೆ ಎರಡನೇ ಏಟು ಬಯಲಲ್ಲಿ ಬೀಳ್ತಾ ಇರುತ್ತೆ. ನನ್ನ ಕಣ್ಣು ಅಲ್ಲಿಗೇ ಹೋಗುತ್ತೆ."

ದೊರೆ ಅಪ್ಪಣೆ ಕೊಟ್ಟ. ಮೊದಲಿನ ಎರಡೂ ಪಂದ್ಯ ಲೆಕ್ಕಕ್ಕಿಲ್ಲ, ಮೂರನೇ ಪಂದ್ಯದಲ್ಲಿ ಗೆದ್ದವರದ್ದೇ ಬಾವುಟ. ಆದರೆ ಜನ ಇನ್ನೊಮ್ಮೆ ದೊಣ್ಣೆ ಎತ್ತಿದರೆ ಚೆಂಡಾಟವೇ ಇಲ್ಲ, ಎರಡೂ ತಂಡದವರು ಬೇರೆ ಕಸುಬು ನೋಡಿಕೊಳ್ಳಬೇಕು.

ಅಂದಿನಿಂದ ನವಿಲುಗುಡ್ಡದಲ್ಲಿ ಯಾರಿಗೂ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹೆಂಗಸರು ಅರ್ಧ ತುಂಬಿದ ಕೊಡ ಬಾವಿಕಟ್ಟೆಯಲ್ಲೇ ಬಿಟ್ಟು ಮಾತಿಗೆ ನಿಲ್ಲುತ್ತಿದ್ದರು. ಕಮ್ಮಾರನ ಕುಲುಮೆ ಮುಂದೆ ಗಂಡಸರು ಗುಂಪುಗುಂಪಾಗಿ ಪಿಸುಗುಟ್ಟುತ್ತಿದ್ದರು. ಬೋರಯ್ಯನಂತೂ ಮನೆಯೊಳಗೆ ಬರುತ್ತಿದ್ದ, ಹೊರಗೆ ಹೋಗುತ್ತಿದ್ದ, ಉಣ್ಣಲು ಕೂತವನು ಎರಡು ತುತ್ತಿಗೇ ಏಳುತ್ತಿದ್ದ. ಕಮ್ಮಾರನಿಗೆ ಹೇಳಿ ಹಿತ್ತಾಳೆಯ ಮೊನಚು ಉಂಗುರಗಳನ್ನು ಮಾಡಿಸಿಟ್ಟುಕೊಂಡಿದ್ದ.

ಕಾಟಯ್ಯ ಮಂಚದ ಮೇಲೆ ಮಲಗಿದ್ದ. ಮಂಡಿಗೆ ಬಿದಿರಿನ ದಬ್ಬೆ ಕಟ್ಟಿದ್ದರು. ಮೂಳೆ ಕೂಡುತ್ತೆ, ಆದರೆ ಹಳೆಯ ಓಟ ಬರೋದಿಲ್ಲ ಅಂತ ಕಟ್ಟಿದ ವೈದ್ಯ ಹೇಳಿಹೋಗಿದ್ದ. ಕಾಟಯ್ಯ ಅದನ್ನು ತಮ್ಮನಿಗೆ ಹೇಳಿರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಭರಮಣ್ಣ ಗರಡಿಮನೆಯಲ್ಲಿ ಎಲ್ಲರೆದುರು ಬೆಳ್ಳಿ ಕಡಗ ಎತ್ತಿ ತೋರಿಸಿದ್ದನಂತೆ. ಬೋರಯ್ಯನನ್ನು ಹೊತ್ತುಕೊಂಡು ಹೋಗೋ ಹಾಗೆ ಮಾಡಿದವನಿಗೆ ಈ ಕಡಗ ಅಂದಿದ್ದನಂತೆ. ಕೇಳಿದ ಬೋರಯ್ಯ ಉಂಗುರಗಳನ್ನು ಬೆರಳಿಗೆ ಹಾಕಿಕೊಂಡೇ ಅಣ್ಣನ ಮುಂದೆ ಬಂದು ನಿಂತ. ತಾನೇ ಮೊದಲು ಹೊಡೆಯುತ್ತೇನೆ ಅಂದ.

ಕಾಟಯ್ಯ ಅವನನ್ನು ಮಂಚದ ಅಂಚಿನಲ್ಲಿ ಕೂರಿಸಿಕೊಂಡ.

"ಪಂದ್ಯದ ದಿನ ನೀನು ಓಡಿದರೆ ಅವರ ಕಣ್ಣು ಎಲ್ಲಿರುತ್ತೆ, ಚೆಂಡಿನ ಮೇಲಾ, ನಿನ್ನ ಮೇಲಾ?"

"ನನ್ನ ಮೇಲೇ ಅಣ್ಣ. ಕಡಗ ಬೇಕಲ್ಲ ಅವರಿಗೆ."

"ಹಾಗಾದರೆ ಚೆಂಡು ನಿನ್ನ ಹತ್ತಿರ ಯಾಕಿರಬೇಕು?"

ಬೋರಯ್ಯನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ಅರಳಿತು. ಆದರೆ ಕಾಟಯ್ಯನ ಮಾತು ಮುಗಿದಿರಲಿಲ್ಲ. ಆ ಉಪಾಯ ಕೊನೆಗೆ, ಅಲ್ಲಿಯವರೆಗೆ ಎಷ್ಟು ಏಟು ಬಿದ್ದರೂ ಒಂದನ್ನೂ ತಿರುಗಿ ಕೊಡಕೂಡದು ಅಂದ. ಬೋರಯ್ಯನ ಮುಖ ಮತ್ತೆ ಬಾಡಿತು. ಅದು ತನ್ನಿಂದ ಆಗೋದಿಲ್ಲ ಅಂದ.

ಆಗುತ್ತೋ ಇಲ್ಲವೋ ನೋಡೋಣ ಅಂತ ಕಾಟಯ್ಯ ತಂಡದವರನ್ನೆಲ್ಲ ಅಂಗಳಕ್ಕೆ ಕರೆಸಿದ. ತಮ್ಮನನ್ನು ನಡುವೆ ನಿಲ್ಲಿಸಿ, ಇವನನ್ನು ತಳ್ಳಿ, ಬೈಯಿರಿ, ಕೆಣಕಿ ಅಂದ. ಮೊದಲ ಸಲ ಬೋರಯ್ಯ ಒಬ್ಬನನ್ನು ಎತ್ತಿ ಬಿಸಾಡಿದ. ಎರಡನೇ ಸಲ ಇನ್ನೊಬ್ಬನ ಅಂಗಿ ಹರಿದ. ಮೂರನೇ ಸಲ ಅವನ ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು, ಕೈ ಮಾತ್ರ ಮೇಲೇಳಲಿಲ್ಲ. ಹಿತ್ತಾಳೆ ಉಂಗುರಗಳನ್ನು ತೆಗೆದು ಅಣ್ಣನ ತಲೆದಿಂಬಿನ ಪಕ್ಕ ಇಟ್ಟ.

ಮೂರನೇ ಪಂದ್ಯದ ದಿನ ಬಂತು. ಮೈದಾನದ ಅಂಚಿನಲ್ಲಿ ಕಾಟಯ್ಯನ ಮಂಚ ಇಟ್ಟಿದ್ದರು. ಎರಡೂ ಕಡೆ ಜನ, ಜನರ ಮುಂದೆ ಕುದುರೆಯವರು. ಕುದುರೆಗಳೂ ನಿಂತಲ್ಲೇ ಗೊರಸು ಕೆರೆಯುತ್ತಿದ್ದವು.

ಬೋರಯ್ಯ ಚೆಂಡು ಹಿಡಿದು ಓಡಿದ. ಕೆಡವಿದರು. ಬಿದ್ದವನ ಪಕ್ಕೆಗೆ ಒಬ್ಬ ಮೊಣಕಾಲು ತುರುಕಿದ. ಪಂಪಣ್ಣ ಎರಡನೇ ಏಟನ್ನು ಹುಡುಕುತ್ತ ಓಡಿಬಂದರು. ಎರಡನೇ ಏಟು ಇರಲೇ ಇಲ್ಲ. ಬೋರಯ್ಯ ಕೈ ಚಾಚಿ ಮಲಗಿದ್ದ. ಪಂಪಣ್ಣನವರ ಕಣ್ಣಿಗೆ ಬೇರೆಲ್ಲೂ ಹೋಗುವ ಕೆಲಸವಿಲ್ಲದೆ, ಇನ್ನೂ ಪಕ್ಕೆಯ ಮೇಲೇ ಇದ್ದ ಆ ಮೊಣಕಾಲು ಕಂಡಿತು. ಹಳದಿ ಬಟ್ಟೆ ಬಿತ್ತು, ಕಲ್ಲಬಾವಿಯ ಕಡೆಗೆ. ಒಂದು ಹಗ್ಗದ ನೆಲ ಹೋಯಿತು.

ಮತ್ತೆ ಓಡಿದ. ಮತ್ತೆ ಕೆಡವಿದರು. ಈ ಸಲ ಕಿವಿ ಹಿಡಿದು ಎಳೆದರು, ರಕ್ತ ಬಂತು. ರಕ್ತ ಕಂಡ ನವಿಲುಗುಡ್ಡದ ಜನ ಬುಸುಗುಟ್ಟುತ್ತ ಎದ್ದು ನಿಂತರು. ಬೋರಯ್ಯ ಎದ್ದು ಅಣ್ಣನ ಕಡೆ ನೋಡಿದ. ಕಾಟಯ್ಯ ಮಂಚದ ಹಗ್ಗವನ್ನು ಬಿಗಿಯಾಗಿ ಹಿಡಿದಿದ್ದ. ಬೋರಯ್ಯ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಅವನೇ ಸುಮ್ಮನಿರುವುದನ್ನು ಕಂಡು ಜನ ಒಬ್ಬೊಬ್ಬರಾಗಿ ಕೂತರು. ಹಳದಿ ಬಟ್ಟೆ ಮತ್ತೆ ಕಲ್ಲಬಾವಿಯ ಕಡೆಗೇ ಬಿತ್ತು. ಈಗ ಸುಣ್ಣದ ಗೆರೆ ಕಣ್ಣಳತೆಯಲ್ಲೇ ಇತ್ತು.

ಭರಮಣ್ಣನಿಗೆ ತಡೆಯಲಾಗಲಿಲ್ಲ. ತನ್ನವರನ್ನು ಹತ್ತಿರ ಕರೆದು, ಈ ಸಲ ಬೋರಯ್ಯ ಏಳಬಾರದು, ನಾನೂ ಬರುತ್ತೇನೆ ಅಂದ. ಎಲ್ಲರ ತಲೆಯಲ್ಲೂ ಕಡಗವೇ ತಿರುಗುತ್ತಿತ್ತು.

ಮೂರನೇ ಸಲ. ನವಿಲುಗುಡ್ಡದವರು ಒತ್ತಾಗಿ ಗುಂಪು ಕಟ್ಟಿದರು. ಗುಂಪಿನಿಂದ ಬೋರಯ್ಯ ಬಾಣದ ಹಾಗೆ ಎಡಕ್ಕೆ ಚಿಮ್ಮಿದ. ಬೆನ್ನು ಬಾಗಿಸಿ, ಎರಡೂ ತೋಳು ಹೊಟ್ಟೆಗೆ ಅವುಚಿಕೊಂಡಿದ್ದ. ಕಲ್ಲಬಾವಿಯವರೆಲ್ಲ ಅವನ ಹಿಂದೆ ಬಿದ್ದರು. ಒಬ್ಬ ಕಾಲಿಗೆ ಹಾರಿದ, ಇನ್ನೊಬ್ಬ ಕತ್ತಿಗೆ ಹಾರಿದ, ಕಡಗ ತನಗೇ ಸಿಗಬೇಕು ಅಂತ ಮೂರನೆಯವನು ತನ್ನವನನ್ನೇ ತಳ್ಳಿ ಹಾರಿದ. ಎಲ್ಲರ ಮೇಲೆ ಭರಮಣ್ಣ ಬಂದು ಬಿದ್ದ.

ಬಲಗಡೆಯಲ್ಲಿ ದಾಸಣ್ಣ ಅನ್ನುವ ಆಟಗಾರ, ಇಡೀ ತಂಡದಲ್ಲಿ ಎಲ್ಲರಿಗಿಂತ ನಿಧಾನದವನು, ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಸಂತೆಗೆ ಹೊರಟವನ ಹಾಗೆ ನಡೆದುಹೋಗಿ ಗೆರೆ ದಾಟಿದ. ಅವನನ್ನು ತಡೆಯಲು ಅಲ್ಲಿ ಒಬ್ಬನೂ ಇರಲಿಲ್ಲ.

ಜನರ ಕೂಗು ಕೇಳಿ ಭರಮಣ್ಣ ತಲೆ ಎತ್ತಿದ. ಬೋರಯ್ಯನ ತೋಳು ಬಿಡಿಸಿ ನೋಡಿದ, ಖಾಲಿ. ಚೆಂಡಿಲ್ಲದವನನ್ನು ಕೆಡವಿದ್ದಕ್ಕೆ ಹಳದಿ ಬಟ್ಟೆ ಅವನ ಬೆನ್ನ ಮೇಲೇ ಬಿದ್ದಿತ್ತು. ರಾಶಿಯ ಅಡಿಯಿಂದ ಬೋರಯ್ಯ ನಿಧಾನವಾಗಿ ಎದ್ದ. ಪಕ್ಕೆಯೆಲುಬು ಒಂದು ಮುರಿದಿತ್ತು, ಆದರೂ ತನ್ನ ಕಾಲ ಮೇಲೇ ನಡೆದು ಅಣ್ಣನ ಹತ್ತಿರ ಹೋದ.

ಕಡಗ ಸಿಗದ ಸಿಟ್ಟಿಗೆ ಭರಮಣ್ಣನ ಕಡೆಯವರು ಅಲ್ಲೇ ಒಬ್ಬರನ್ನೊಬ್ಬರು ದೂರಿಕೊಂಡರು. ಹಾಗೆ ಗರಡಿಮನೆಯ ಮಾತು ದೊರೆಯ ಕಿವಿಗೆ ಬಿತ್ತು. ದೊರೆ ಭರಮಣ್ಣನ ನಾಯಕತನ ಕಿತ್ತುಕೊಂಡ. ಮಂಡಿ ತುಳಿದವನನ್ನು ಆಟದಿಂದಲೇ ಓಡಿಸಿದ. ಇನ್ನು ಮುಂದೆ ಮೈ ಮುರಿಯಲು ಆಸೆ ತೋರಿಸಿದವನಿಗೆ, ಮುರಿದವನಿಗಿಂತ ದೊಡ್ಡ ದಂಡ ಅಂತ ಡಂಗುರ ಹೊಡೆಸಿದ. ಕೊನೆಗೆ ಭರಮಣ್ಣನಿಗೆ ಹೇಳಿದ:

"ಕಾಟಯ್ಯ ತಾನಾಗಿ ನಡೆಯೋವರೆಗೂ ಅವನ ಕಾಲು ನೀನೇ. ಅವನು ಎಲ್ಲಿಗೆ ಅಂತಾನೋ ಅಲ್ಲಿಗೆ ಹೊತ್ತುಕೊಂಡು ಹೋಗಬೇಕು."

ಬಾವುಟ ನವಿಲುಗುಡ್ಡದ್ದು ಹಾರಿತು. ಬಾಗಿಲಗಲದ ಎದೆಯ ಭರಮಣ್ಣ ಬೀದಿ ತುಂಬ ಕಾಟಯ್ಯನನ್ನು ಬೆನ್ನ ಮೇಲೆ ಹೊತ್ತು ತಿರುಗಿದ. ಮೊದಮೊದಲು ಜನ ನಕ್ಕರು. ಆಮೇಲೆ ನಗೋದನ್ನು ಬಿಟ್ಟರು. ಒಂದು ಸಂಜೆ ದಿಬ್ಬ ಹತ್ತುವಾಗ ಭರಮಣ್ಣ ತಡೆದು ತಡೆದು, ಅವತ್ತು ಬಹಳ ನೋವಾಯಿತಾ ಅಂತ ಕೇಳಿದ.

"ಬಿದ್ದಾಗ ಅಷ್ಟಾಗಲಿಲ್ಲ," ಅಂದ ಕಾಟಯ್ಯ. "ಇನ್ನು ಓಡೋಕಾಗಲ್ಲ ಅಂದ್ರಲ್ಲ, ಆಗ ಆಯ್ತು."

ಭರಮಣ್ಣ ಅವನನ್ನು ಬೆನ್ನ ಮೇಲೆ ಇನ್ನಷ್ಟು ಮೇಲಕ್ಕೆತ್ತಿಕೊಂಡ. ದಿಬ್ಬ ಮುಗಿಯುವವರೆಗೂ ಎಲ್ಲೂ ಕೆಳಗಿಳಿಸಲಿಲ್ಲ.

ಅದಕ್ಕೇ ಹೇಳೋದು ಮಕ್ಕಳೇ, ಎದುರಾಳಿಯ ಮೈ ಮುರಿಯಲು ಹೊರಟವನಿಗೆ ಆಟ ಕಾಣೋದಿಲ್ಲ, ಗೆಲುವೂ ಸಿಗೋದಿಲ್ಲ. ಅನ್ಯಾಯಕ್ಕೆ ಸಿಟ್ಟು ಬರುತ್ತೆ, ಬರಲೇಬೇಕು. ಆ ಸಿಟ್ಟನ್ನು ಕೈಗೆ ಕೊಡದೆ ತಲೆಗೆ ಕೊಟ್ಟವನು ಗೆಲ್ಲುತ್ತಾನೆ. ಇಷ್ಟೇ ಕಥೆ. ಇನ್ನು ಏಳಿ, ನಿಮ್ಮ ಆಟಕ್ಕೆ ಹೊತ್ತಾಯಿತು.